ನಮ್ಮ ಮನೆಯ ಶ್ರುತಿ

ಗಿಟಾರ್ ಕಂಪನಿಯ ಬಣ್ಣದ ಪುಸ್ತಿಕೆ ನನ್ನ ದಿಂಬಿನ ಪಕ್ಕದಲ್ಲೇ ಇದ್ದೂ ಇದ್ದೂ ಅದರ ಮೂಲೆಗಳೆಲ್ಲ ಮುದುರಿಹೋಗಿದ್ದವು.

"ಡಿಗ್ರೀಲಿ ಇಷ್ಟು ಓದಿದ್ದಿದ್ರೆ ರ‍್ಯಾಂಕೇ ಬರ್ತಿತ್ತಲ್ಲೇ ನಿಂಗೆ," ಎಂದಳು ಅಮ್ಮ, ಹೊಲಿಗೆ ಮಿಷನ್ನಿನಿಂದ ತಲೆಯೆತ್ತದೆ.

ಮಾತು ಸುಳ್ಳಲ್ಲ. ಪುಸ್ತಿಕೆಯ ಒಂದೊಂದು ಪುಟವೂ ನನಗೆ ಬಾಯಿಪಾಠವಾಗಿತ್ತು. ಆ ಕಂಪನಿಯವರು ಎಲೆಕ್ಟ್ರಿಕ್ ಗಿಟಾರ್‌ಗಳನ್ನು ಮೂರು ದರ್ಜೆಯಲ್ಲಿ ಮಾಡುತ್ತಾರೆ. ಮೊದಲನೆಯದು ಸ್ಟೂಡೆಂಟ್ ಸೀರೀಸ್. ಅದರ ಕತ್ತು ಗಿಡ್ಡ, ತಂತಿಯ ಉದ್ದ ಕಡಿಮೆ. ಹಾಗಾಗಿ ಒತ್ತುವುದು ಸುಲಭ. ಮಕ್ಕಳಿಗೆ, ಹೊಸದಾಗಿ ಕಲಿಯುವವರಿಗೆ ಅದು. ಎರಡನೆಯದು ಸ್ಟೇಜ್ ಸೀರೀಸ್, ಪೂರ್ತಿ ಅಳತೆಯದು, ಕಾರ್ಯಕ್ರಮ ಕೊಡುವವರಿಗೆ. ಮೂರನೆಯದು ಮಾಸ್ಟರ್ ಸೀರೀಸ್. ಒಬ್ಬನೇ ಕೆಲಸಗಾರ ಮೊದಲಿಂದ ಕೊನೆಯವರೆಗೆ ಕೂತು ಮಾಡಿ ಒಳಗೆ ತನ್ನ ಸಹಿ ಹಾಕುತ್ತಾನಂತೆ. ಅದನ್ನು ನಾನು ಕನಸಿಗೂ ಕರೆದವಳಲ್ಲ. ನನ್ನ ತಕರಾರೆಲ್ಲ ಸ್ಟೇಜ್ ಸೀರೀಸ್‌ನ ಎರಡರ ನಡುವೆ: ತೆಳು ಕತ್ತಿನ ಕಡುನೀಲಿಯೋ, ಅಗಲ ಕತ್ತಿನ ಜೇನುಬಣ್ಣದ್ದೋ. ಬೆಳಿಗ್ಗೆ ನೀಲಿ ಎಂದುಕೊಂಡರೆ ಸಂಜೆಯ ಹೊತ್ತಿಗೆ ಜೇನು ಗೆದ್ದಿರುತ್ತಿತ್ತು.

ಗಿಟಾರ್ ಬೇಕಾಗಿದ್ದು ಭಾನುವಾರದ ಟ್ರಯಲ್‌ಗೆ. ನನ್ನ ಚಿಕ್ಕಪ್ಪ ಒಂದು ಬ್ಯಾಂಡಿನಲ್ಲಿ ಬಾಸ್ ಗಿಟಾರ್ ನುಡಿಸುತ್ತಾನೆ. ಹೋಟೆಲುಗಳಲ್ಲಿ, ಆರತಕ್ಷತೆಗಳಲ್ಲಿ, ಕಂಪನಿಗಳ ವಾರ್ಷಿಕೋತ್ಸವಗಳಲ್ಲಿ ನುಡಿಸುವ ಬ್ಯಾಂಡು ಅದು. ನಡೆಸುವವನನ್ನು ಎಲ್ಲರೂ ಮೀಸೆ ಎಂದೇ ಕರೆಯುತ್ತಾರೆ. ಅವರ ಗಿಟಾರ್‌ನವನು ಬಿಟ್ಟುಹೋಗುವವನಿದ್ದ. ಆ ಜಾಗಕ್ಕೆ ಮೀಸೆ ನನ್ನನ್ನು ಕರೆದಿದ್ದ, ಒಂದು ಷರತ್ತಿನ ಮೇಲೆ.

"ಸ್ಟೇಜ್ ಸೀರೀಸ್‌ಗಿಂತ ಕೆಳಗಿಂದು ಹಿಡ್ಕೊಂಡು ನನ್ನ ಸ್ಟೇಜ್ ಹತ್ತಬಾರ್ದು. ಮಕ್ಕಳ ಗಿಟಾರ್ ನೋಡಿದ್ರೆ ಜನ ಮೊದಲು ನಗ್ತಾರೆ, ಆಮೇಲೆ ರೇಟು ಇಳಿಸ್ತಾರೆ."

ಆ ಜಾಗ ಹೋದ ವರ್ಷ ಖಾಲಿಯಾದಾಗಲೇ ನನ್ನದಾಗಬೇಕಿತ್ತು. ಅಷ್ಟರಲ್ಲಿ ವ್ಯಾನಿನ ಜಾರುಬಾಗಿಲಿಗೆ ನನ್ನ ಎಡಗೈ ಸಿಕ್ಕಿತು. ಬ್ಯಾಂಡಿನ ಜೊತೆ ಸುಮ್ಮನೆ ಹೋಗಿದ್ದೆ. ಸ್ಪೀಕರ್ ಪೆಟ್ಟಿಗೆಯನ್ನು ಒಳಗೆ ತಳ್ಳಿ, ಅಂಚಿಗೆ ಕೈಯೂರಿ ಇಳಿಯುತ್ತಿದ್ದಾಗ ಚಿಕ್ಕಪ್ಪ ಆ ಕಡೆಯಿಂದ ಬಾಗಿಲು ಎಳೆದ. ನೋಡಿರಲಿಲ್ಲ. ತೋರುಬೆರಳು, ನಡುಬೆರಳು ಎರಡರ ಸ್ನಾಯುಗಳೂ ತುಂಡಾದವು. ಕೇಳಿದವರಿಗೆಲ್ಲ ನಾನು "ಬಾಗಿಲಿಗೆ ಸಿಕ್ಕಿತು" ಎಂದಷ್ಟೇ ಹೇಳುತ್ತಿದ್ದೆ. ಚಿಕ್ಕಪ್ಪ ಎದುರಿಗಿದ್ದರೆ ಅದನ್ನೂ ಹೇಳುತ್ತಿರಲಿಲ್ಲ.

ಚಿಕ್ಕಪ್ಪ ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವನು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾವು ಮೂವರೇ. ನಾನು ಮಾತಾಡುವುದು ಕಡಿಮೆಯೆಂದು ಅವನು ನನ್ನನ್ನು ಇಲಿ ಎನ್ನುತ್ತಾನೆ. ನನಗೆ ಗಿಟಾರ್ ಕಲಿಸಿದವನೂ ಅವನೇ. ಚಿಕ್ಕವಳಿದ್ದಾಗ ಒಮ್ಮೆ ನಾನು ತಂತಿ ಬಿಗಿಸುವ ತಿರುಪು ತಿರುಗಿಸಲು ಹೋಗಿ ತಂತಿ ಹರಿದು ಕೆನ್ನೆಗೆ ಬಡಿದಿತ್ತು. ಅವತ್ತಿನಿಂದ ನಾನು ತಿರುಪು ಮುಟ್ಟಲಿಲ್ಲ. "ಶ್ರುತಿ ಮಾಡೋದು ನನ್ನ ಕೆಲಸ, ನುಡಿಸೋದು ನಿನ್ನ ಕೆಲಸ" ಎಂದು ಚಿಕ್ಕಪ್ಪ ಒಪ್ಪಂದ ಮಾಡಿಕೊಂಡ. ತಂತಿ ಬದಲಿಸುವುದೂ ಅವನ ಪಾಲಿಗೇ ಸೇರಿತು. ದಿನಾ ಸಂಜೆ ಅವನು ತನ್ನ ಬಾಸನ್ನೂ, ನಾನು ನುಡಿಸುವ ತನ್ನ ಹಳೆಯ ಗಿಟಾರನ್ನೂ ತೊಡೆಯ ಮೇಲಿಟ್ಟುಕೊಂಡು, ಕಿವಿಯಾನಿಸಿ, ಒಂದಕ್ಕೊಂದು ಹೊಂದಿಸಿ ನನ್ನದನ್ನು ನನ್ನ ಕೈಗೆ ಕೊಡುತ್ತಿದ್ದ.

ಕೈಗೆ ಹಾಕಿದ್ದ ಪಟ್ಟಿ ಬಿಚ್ಚಿದ ದಿನ ನಾನು ಅವನ ಹಳೆಯ ಗಿಟಾರ್ ಹಿಡಿದು ಒಂದು ತಂತಿಯನ್ನೂ ಒತ್ತಲಾಗದೆ ಗೋಡೆಯ ಕಡೆ ತಿರುಗಿ ಮಲಗಿದ್ದೆ. ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಹಿಸುಕಲು ಮೆತ್ತನೆಯ ಜೇಡಿಯಂಥದ್ದೇನೋ ಕೊಟ್ಟರು. ಹಿಸುಕುತ್ತ ಬಂದೆ. ಕೆಲವು ವಾರಗಳಲ್ಲಿ ಎರಡು ತಂತಿ ಒತ್ತಿದೆ, ಮತ್ತಷ್ಟು ದಿನ ಕಳೆದು ಮೂರು. ಮಳೆಗಾಲ ಮುಗಿಯುವಷ್ಟರಲ್ಲಿ ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಮಲಗಿಸಿ ಒತ್ತುವುದು ಬಂತು. ಗಿಟಾರ್‌ನವರಿಗೆ ಅದೇ ಹೊಸ್ತಿಲು. ಅದನ್ನು ದಾಟಿದರೆ ಒಳಗೆ ಬಂದ ಹಾಗೆ. ಅವತ್ತು ಅಮ್ಮ ನನ್ನ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಕಣ್ಣಿಗೊತ್ತಿಕೊಂಡಳು.

ಅಮ್ಮ ಪೂರ್ತಿ ಹಾಡಲು ಶುರುಮಾಡಿದ್ದೂ ಆಗಲೇ. ನಾವು ನುಡಿಸುವ ಒಂದು ಹಳೆಯ ಹಾಡಿನಲ್ಲಿ ಎತ್ತರಕ್ಕೆ ಹೋಗುವ ಸಾಲೊಂದಿತ್ತು. ಮೊದಲೆಲ್ಲ ಅಮ್ಮ ಅದರ ಹತ್ತಿರ ಬರುತ್ತಲೇ ಕೆಮ್ಮಿ ಸುಮ್ಮನಾಗುತ್ತಿದ್ದಳು. ಈಗ ಮಿಷನ್ ತುಳಿಯುತ್ತಲೇ ಲೀಲಾಜಾಲವಾಗಿ ಹಾಡಿಬಿಡುತ್ತಿದ್ದಳು. "ವಯಸ್ಸಾಗ್ತಾ ಆಗ್ತಾ ನನ್ನ ಗಂಟಲು ತೆರ್ಕೊಳ್ತಿದೆ ನೋಡ್ರೋ," ಎಂದು ಅವಳಿಗೆ ಹೆಮ್ಮೆ.

ಅಂಗಡಿಗೆ ಹೋಗುವ ದಿನ ಚಿಕ್ಕಪ್ಪನಿಗೆ ಎಲ್ಲಿಲ್ಲದ ಕೆಲಸಗಳು ನೆನಪಾದವು. ಸೈಕಲ್ಲಿನ ಚೈನಿಗೆ ಎಣ್ಣೆ ಬಿಡಬೇಕಂತೆ.

"ಹಳೇದನ್ನೇ ತಗೊಂಡು ಹೋಗು ಇಲಿ. ಪಳಗಿದ ಕೈ, ಪಳಗಿದ ಗಿಟಾರು."

"ಮೀಸೆ ಸ್ಟೇಜ್ ಸೀರೀಸೇ ಬೇಕು ಅಂದಿದ್ದಾನಲ್ಲ."

"ಅವನು ಹೇಳಿದ್ದನ್ನೆಲ್ಲ ಕೇಳೋಕಾಗುತ್ತಾ? ಮೂರು ಹೊತ್ತೂ ಏನಾದ್ರೂ ಅಂತಾನೇ ಇರ್ತಾನೆ."

"ನೀನು ಬರದಿದ್ರೆ ನಾನೊಬ್ಬಳೇ ಹೋಗ್ತೀನಿ," ಎಂದೆ. ಅಂಗಡಿಯವರನ್ನು ಏನಾದರೂ ಕೇಳಬೇಕೆಂದರೆ ಬಾಗಿಲಲ್ಲೇ ಬೆವರುವವಳು ನಾನು. ಅದು ಗೊತ್ತಿದ್ದೇ ಅವನು ಎದ್ದು ಕೈ ತೊಳೆದುಕೊಂಡ.

ಅಂಗಡಿ ಇದ್ದಿದ್ದು ಚಪ್ಪಲಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವವರೆಗೂ ಹೊಸ ಚರ್ಮದ ವಾಸನೆ, ಬಾಗಿಲು ದಾಟಿದರೆ ವಾರ್ನಿಷ್ ವಾಸನೆ. ಗೋಡೆಯ ತುಂಬ ಗಿಟಾರ್‌ಗಳು ಕತ್ತಿಗೆ ಕೊಕ್ಕೆ ಹಾಕಿಸಿಕೊಂಡು ತೂಗುತ್ತಿದ್ದವು. ಕೆಳಗೆ ಸ್ಟೂಡೆಂಟ್, ಕಣ್ಣಿನ ಮಟ್ಟಕ್ಕೆ ಸ್ಟೇಜ್, ಮೇಲೆ ಗಾಜಿನ ಕಪಾಟಿನೊಳಗೆ ಮಾಸ್ಟರ್. ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ ಹೆಂಗಸೊಬ್ಬಳು ಬಂದು, "ಯಾರಿಗೆ, ಸಾರ್‌ಗಾ?" ಎಂದು ಚಿಕ್ಕಪ್ಪನನ್ನು ಕೇಳಿದಳು.

"ಇವಳಿಗೆ," ಎಂದ ಚಿಕ್ಕಪ್ಪ. ಕೂಡಲೇ ಬಗ್ಗಿ ಕೆಳಗಿನ ಸಾಲಿನಿಂದ ಒಂದನ್ನು ಎತ್ತಿದ. "ಇದು ನೋಡು ಇಲಿ, ಎಷ್ಟು ಹಗುರ! ಹೂವು ಎತ್ತಿದ ಹಾಗಿದೆ."

"ಅದು ಸ್ಟೂಡೆಂಟ್ ಸೀರೀಸ್. ಮೀಸೆ ಒಪ್ಪಲ್ಲ."

"ಅವನಿಗೆ ಕನ್ನಡಕ ಇಲ್ದಿದ್ರೆ ಗಿಟಾರ್ ಯಾವುದು, ಗುದ್ದಲಿ ಯಾವುದು ಗೊತ್ತಾಗಲ್ಲ."

ಪೆನ್ಸಿಲ್‌ನವಳು ನಕ್ಕಳು. ನಾನು ಕಡುನೀಲಿಯನ್ನು ತೋರಿಸಿದೆ. ಅವಳು ಅದನ್ನು ಇಳಿಸಿ, ಸಣ್ಣ ಸ್ಪೀಕರಿಗೆ ವೈರು ಚುಚ್ಚಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದಳು. ಪುಸ್ತಿಕೆಯಲ್ಲಿ ಇಷ್ಟು ದಿನ ನೋಡಿದ್ದು ತೊಡೆಯ ಮೇಲಿತ್ತು. ಕತ್ತು ಅಂಗೈಗೆ ಸರಿಯಾಗಿ ಕೂತಿತು. ಉಸಿರು ಬಿಗಿಹಿಡಿದು ತೋರುಬೆರಳನ್ನು ಅಡ್ಡ ಮಲಗಿಸಿ ಮೀಟಿದೆ.

ಬಂದಿದ್ದು ಸ್ವರವಲ್ಲ, ಟಪಟಪ ಸದ್ದು. ಗೋಣಿತಾಟಿನ ಮೇಲೆ ಕೋಲು ಬಡಿದ ಹಾಗೆ. ಇನ್ನೂ ಗಟ್ಟಿಯಾಗಿ ಒತ್ತಿದೆ. ಎರಡು ತಂತಿಗಳು ದನಿ ಬಿಟ್ಟವು, ಉಳಿದವು ಬಿಡಲಿಲ್ಲ. ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಬೆಂಕಿ ಹೊತ್ತಿಕೊಂಡಂತಾಯಿತು.

"ಹೊಸ ತಂತಿ ಅಲ್ವಾ, ಸ್ವಲ್ಪ ಬಿಗಿ ಇರುತ್ತೆ," ಎಂದಳು ಪೆನ್ಸಿಲ್‌ನವಳು. "ಇನ್ನೊಂದು ನೋಡ್ತೀರಾ?"

ಜೇನುಬಣ್ಣದ್ದು ಕೊಟ್ಟಳು. ಅದರದೂ ಅದೇ ಕಥೆ. ಬೇರೆ ಒಂದು ಕಪ್ಪುಬಣ್ಣದ್ದು ಕೊಟ್ಟಳು. ನಿನ್ನೆ ಸಂಜೆ ಸಲೀಸಾಗಿ ನುಡಿಸಿದ ಹಾಡು ಇವತ್ತು ಬೆರಳಿಗೆ ಬರುತ್ತಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಒತ್ತುವುದನ್ನು ಬಿಟ್ಟು ಖಾಲಿ ತಂತಿಗಳನ್ನು ಒಂದೊಂದಾಗಿ ಮೀಟಿದೆ. ಆಗ ಕೇಳಿಸಿತು.

"ಇವೆಲ್ಲ ಮೇಲಿವೆ," ಎಂದೆ ಮೆಲ್ಲಗೆ.

"ಏನು ಮೇಲಿವೆ?"

"ಶ್ರುತಿ. ಎಲ್ಲದರದ್ದೂ ಜಾಸ್ತಿ ಏರಿದೆ."

ಅವಳು ಜೇಬಿನಿಂದ ಬಟ್ಟೆ ಕ್ಲಿಪ್ಪಿನಂಥ ಪುಟ್ಟ ಟ್ಯೂನರ್ ತೆಗೆದು ಗಿಟಾರ್‌ನ ತಲೆಗೆ ಕಚ್ಚಿಸಿದಳು. ಒಂದೊಂದು ತಂತಿ ಮೀಟಿದಾಗಲೂ ಅದರಲ್ಲಿ ಹಸಿರು ದೀಪ ಹೊತ್ತಿತು. "ನೋಡಿ, ಸರಿಯಾಗಿದ್ರೆ ಹಸಿರು. ಈ ಗೋಡೆ ಮೇಲಿರೋ ಅಷ್ಟೂ ತಪ್ಪು, ನಿಮ್ಮನೇದು ಒಂದೇ ಸರಿ ಅಂತೀರಾ ಮೇಡಂ?"

ತಮಾಷೆಗೇ ಹೇಳಿದ್ದು. ಇಂಥ ಮಾತಿಗೆ ಎಲ್ಲರಿಗಿಂತ ಮೊದಲು ನಗುವವನು ಚಿಕ್ಕಪ್ಪ. ನಗು ಕೇಳಿಸಲಿಲ್ಲ. ತಿರುಗಿ ನೋಡಿದೆ. ಅವನು ಆ ಮೂಲೆಯಲ್ಲಿ ಡ್ರಮ್ಮುಗಳ ಎದುರು ನಮಗೆ ಬೆನ್ನು ಹಾಕಿ ನಿಂತು, ಯಾವುದೋ ತಾಳದ ತಟ್ಟೆಯ ತಿರುಪನ್ನು ಬಿಚ್ಚುತ್ತ ಬಿಗಿಸುತ್ತ ಇದ್ದ. ಶರ್ಟಿನ ಬೆನ್ನು ಒದ್ದೆಯಾಗಿತ್ತು.

ಗಿಟಾರನ್ನು ಪೆನ್ಸಿಲ್‌ನವಳ ಕೈಗೆ ಕೊಟ್ಟು ಅವನ ಪಕ್ಕ ಹೋಗಿ ನಿಂತೆ.

"ಎಷ್ಟು ಇಳಿಸಿದೀಯ?"

"ಇಲ್ಲಿ ಬೇಡ ಇಲಿ. ಮನೇಲಿ ಮಾತಾಡೋಣ."

"ಎಷ್ಟು, ಚಿಕ್ಕಪ್ಪ?"

"ಒಂದೂವರೆ ಸ್ವರ." ಅವನು ತಟ್ಟೆಯನ್ನೇ ನೋಡುತ್ತಿದ್ದ. "ಮೊದಲು ಅರ್ಧಾನೇ ಇಳಿಸಿದ್ದು, ನಿನ್ನಾಣೆಗೂ. ನೀನು ಗೋಡೆ ಕಡೆ ತಿರುಗಿ ಮಲಗಿದ್ದೆ. ತಂತಿ ಸಡಿಲಾದ್ರೆ ಒಂದನ್ನಾದ್ರೂ ಒತ್ತೀಯ ಅಂತ. ಕೈ ಬಲಿತ ಹಾಗೆ ಏರಿಸ್ತಾ ಬರೋಣ ಅಂದ್ಕೊಂಡೆ. ಏರಿಸಿದ ದಿನವೆಲ್ಲ ನೀನು 'ಇವತ್ತು ಯಾಕೋ ನೋಯ್ತಿದೆ' ಅಂತ ಕೆಳಗಿಡ್ತಿದ್ದೆ. ಅತ್ತಿಗೆ ನನ್ನ ಮುಖ ನೋಡೋರು. ಮತ್ತೆ ಇಳಿಸ್ತಿದ್ದೆ."

"ತಂತಿ?"

"ತಂತೀನೂ ಸಣ್ಣದು. ಇರೋದ್ರಲ್ಲೇ ಸಣ್ಣದು."

"ನಿನ್ನ ಬಾಸು?"

"ಅದನ್ನೂ ಇಳಿಸಿದ್ದೆ. ಇಲ್ದಿದ್ರೆ ನಿಂಗೆ ಗೊತ್ತಾಗ್ತಿತ್ತಲ್ಲ."

ಕ್ಯಾಸೆಟ್ ಹಾಕಿ ಅದರ ಜೊತೆ ನುಡಿಸಬೇಡ, ಕೈಗೆ ಅವಸರ ಬೀಳುತ್ತದೆ ಎಂದು ಅವನು ಹೇಳಿದ್ದು ನೆನಪಾಯಿತು. ಅಮ್ಮನ ಗಂಟಲು ತೆರೆದುಕೊಂಡಿದ್ದೂ ನೆನಪಾಯಿತು. ನಾನೊಬ್ಬಳಲ್ಲ, ಇಡೀ ಮನೆಯೇ ಒಂದೂವರೆ ಮೆಟ್ಟಿಲು ಕೆಳಗಿಳಿದು, ಇದೇ ನೆಲ ಎಂದುಕೊಂಡು ಓಡಾಡುತ್ತಿತ್ತು.

"ಭಾನುವಾರ ಏನು ಮಾಡ್ತಿದ್ದೆ? ಬ್ಯಾಂಡನ್ನೂ ಇಳಿಸ್ತಿದ್ಯಾ?"

ಅವನು ಕತ್ತು ಬಗ್ಗಿಸಿದ. "ಕೀಬೋರ್ಡ್‌ನವನ ಹತ್ರ ಮಾತಾಡಿದ್ದೆ. ಅವನದೇನು, ಒಂದು ಗುಂಡಿ ಒತ್ತಿದ್ರೆ ಇಳಿಯುತ್ತೆ. ಹಾಡೋಳಿಗೆ ಹೇಗೂ ಕೆಳಗಿನ ಶ್ರುತಿನೇ ಇಷ್ಟ. ಮೀಸೆಗೆ ಮಾತ್ರ ಇನ್ನೂ ಹೇಳಿರ್ಲಿಲ್ಲ."

ನಗು ಬಂತು. ನನ್ನ ಎರಡು ಬೆರಳಿಗಾಗಿ ಊರಿನ ಸಂಗೀತವನ್ನೆಲ್ಲ ಒಂದೊಂದಾಗಿ ಕೆಳಗಿಳಿಸಲು ಹೊರಟಿದ್ದನಲ್ಲ ಇವನು.

"ಹಾಗಾದ್ರೆ ನನ್ನ ಕೈ ವಾಸಿ ಆಗಿದೆಯೋ ಇಲ್ವೋ?"

ಆಗ ಅವನು ಮೊದಲ ಸಲ ನನ್ನ ಮುಖ ನೋಡಿದ. "ಗೊತ್ತಿಲ್ಲ ಕಣೆ. ಮೊದಮೊದಲು ನಂಗೆ ಲೆಕ್ಕ ಇತ್ತು. ಆಮೇಲೆ ಎಷ್ಟು ನಿನ್ನ ಕೈ, ಎಷ್ಟು ನನ್ನ ತಿರುಪು ಅನ್ನೋದೇ ಕಲಸಿಹೋಯ್ತು."

ಅವನ ಮೇಲೆ ಕೂಗಾಡಬೇಕಿತ್ತು. ಕೂಗಾಡಿ ಗೊತ್ತಿಲ್ಲ ನನಗೆ. ಕೈ ನೋಡಿಕೊಂಡೆ. ಬೆರಳುಗಳ ಮೇಲಿನ ಹೊಲಿಗೆಯ ಗೆರೆ ಬಿಳಿಚಿಕೊಂಡಿತ್ತು. ಇವು ನನ್ನವೇ, ಆದರೆ ಇವುಗಳ ಬಗ್ಗೆ ನನಗೆ ಏನೇನೂ ತಿಳಿಯದು. ಮಿಕ್ಕಿದ್ದೆಲ್ಲ ಆಮೇಲೆ, ಮೊದಲು ಅದನ್ನು ತಿಳಿದುಕೊಳ್ಳದೆ ಈ ಅಂಗಡಿಯ ಮೆಟ್ಟಿಲು ಇಳಿಯಬಾರದು ಎನ್ನಿಸಿತು.

ಪೆನ್ಸಿಲ್‌ನವಳ ಹತ್ತಿರ ಹೋಗಿ, "ಸ್ಟೂಡೆಂಟ್ ಸೀರೀಸ್ ಒಂದು ಕೊಡ್ತೀರಾ? ಆ ಟ್ಯೂನರ್ ಅದಕ್ಕೇ ಇರಲಿ," ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು.

ಗಿಡ್ಡ ಕತ್ತಿನ ಗಿಟಾರ್, ಹಸಿರು ದೀಪ. ತೋರುಬೆರಳನ್ನು ಆರು ತಂತಿಗಳ ಮೇಲೂ ಇಟ್ಟೆ: ನಡುವಿನ ಎರಡು ಸತ್ತಿದ್ದವು. ನಾಲ್ಕರ ಮೇಲಿಟ್ಟೆ: ನಾಲ್ಕೂ ದನಿ ಬಿಟ್ಟವು. ಒಂದು ತುಣುಕು ನುಡಿಸಿದೆ, ನಿಧಾನವಾಗಿ. ಮೂರನೆಯ ಸುತ್ತಿಗೆ ನಡುಬೆರಳು ಜಾರಿತು. ನಿಲ್ಲಿಸಿ, ಕೈ ಜಾಡಿಸಿ, ಮತ್ತೆ ನುಡಿಸಿದೆ. ಆಮೇಲೆ ಕಡುನೀಲಿಯನ್ನು ಇನ್ನೊಮ್ಮೆ ತೆಗೆದುಕೊಂಡೆ. ಅದರಲ್ಲಿ ಎರಡು ತಂತಿ, ಬಹಳವೆಂದರೆ ಮೂರು. ಪೆನ್ಸಿಲ್‌ನವಳು ಬೇರೆ ಗಿರಾಕಿಗಳನ್ನು ನೋಡಿಕೊಳ್ಳುತ್ತ ನಡುನಡುವೆ ನನ್ನ ಕಡೆ ಕಣ್ಣು ಹಾಯಿಸುತ್ತಿದ್ದಳು. ಒಮ್ಮೆ ಮಾತ್ರ ಹತ್ತಿರ ಬಂದು, "ನೀರು ಬೇಕಾ?" ಎಂದಳು.

ಇಷ್ಟು ನನ್ನ ಕೈ ಎಂದುಕೊಂಡೆ. ಹೊಸ್ತಿಲು ದಾಟಿಲ್ಲ. ಗೋಡೆ ಕಡೆ ತಿರುಗಿ ಮಲಗಿದ ದಿನಕ್ಕಿಂತ ಮುಂದೆ ಬಂದಿದೆ.

"ಇದನ್ನೇ ಕೊಡಿ," ಎಂದೆ ಗಿಡ್ಡ ಕತ್ತಿನದನ್ನು ಎತ್ತಿ. "ಟ್ಯೂನರೂ ಬೇಕು."

"ನೀಲಿ ಇಲ್ಲ ಇದ್ರಲ್ಲಿ. ಹಳದಿ ಒಂದೇ ಇರೋದು."

ಶಾಲೆಯ ಬಸ್ಸಿನ ಹಳದಿ ಅದು. ಹೂಂ ಎಂದೆ.

"ಇಲಿ, ಮೀಸೆ..." ಎಂದ ಚಿಕ್ಕಪ್ಪ.

"ನಾನೇ ಹೇಳ್ತೀನಿ."

ಬಸ್ಸಿನಲ್ಲಿ ಗಿಟಾರ್ ಚೀಲ ನಮ್ಮಿಬ್ಬರ ನಡುವೆ ಮೂರನೆಯವರ ಹಾಗೆ ನಿಂತಿತ್ತು. ಚಿಕ್ಕಪ್ಪನ ಫೋನ್ ಇಸಿದುಕೊಂಡೆ. ಯಾರಿಗೂ ನಾನಾಗಿ ಫೋನ್ ಮಾಡಿದವಳಲ್ಲ. ಮೀಸೆ ಎತ್ತಿದಾಗ ಮೊದಲು ಮಾತೇ ಹೊರಡಲಿಲ್ಲ.

"ಏನೋ, ಫೋನ್ ಮಾಡಿ ಉಸಿರು ಬಿಡ್ತಾ ಇದೀಯ?"

"ನಾನು, ಅವರ ಅಣ್ಣನ ಮಗಳು. ಭಾನುವಾರ ನಾನು ಬರಲ್ಲ. ಕೈ ಸರಿಹೋಗಿಲ್ಲ."

"ಸರಿಹೋಗಿಲ್ವಾ? ನಿನ್ನ ಚಿಕ್ಕಪ್ಪ ತಿಂಗಳುಗಟ್ಟಲೆಯಿಂದ ಸರಿಹೋಯ್ತು ಸರಿಹೋಯ್ತು ಅಂತ ನನ್ನ ತಲೆ ತಿಂದಿದಾನಲ್ಲಮ್ಮ!"

"ನಂಗೂ ಹಾಗೇ ಅನ್ಸಿತ್ತು. ಇವತ್ತು ಗೊತ್ತಾಯ್ತು."

ಆ ಕಡೆಯಿಂದ ಉಸ್ಸೆಂಬ ಸದ್ದು ಬಂತು. "ಸರಿ. ಬೇರೆ ಹುಡುಗ ಒಬ್ಬ ಕೇಳ್ತಿದ್ದ, ಅವನಿಗೆ ಹೇಳ್ತೀನಿ. ಆಮೇಲೆ ಬಂದು ಜಾಗ ಇದೆಯಾ ಅಂದ್ರೆ ನನ್ನ ಹತ್ರ ಇರಲ್ಲ, ಈಗಲೇ ಹೇಳಿರ್ತೀನಿ. ಅವನಿಗೆ ಕೊಡು ಫೋನು."

ಕೊಟ್ಟೆ. ಚಿಕ್ಕಪ್ಪ ಕೇಳಿಸಿಕೊಂಡ. "ಹೂಂ. ಹೂಂ. ತಪ್ಪಾಯ್ತು. ಇಲ್ಲ, ಬೇಕಂತ ಅಲ್ಲ. ಹೂಂ." ಫೋನನ್ನು ಜೇಬಿಗಿಟ್ಟು ಎರಡೂ ಕೈಯನ್ನು ಮಂಡಿಗಳ ನಡುವೆ ಸೇರಿಸಿಕೊಂಡು ಕೂತ. ಒಂದು ವರ್ಷದಿಂದ ಕಾದಿದ್ದ ಜಾಗ ಎರಡು ಸಿಗ್ನಲ್ಲುಗಳ ನಡುವೆ ಹೋಯಿತು. ಅಳು ಬರಬಹುದೆಂದು ಕಿಟಕಿಯ ಕಡೆ ತಿರುಗಿದೆ. ಬರಲಿಲ್ಲ. ಅದರ ಬದಲು ಬೇರೆಯೇ ಒಂದು ಮಾತು ಬಂತು.

"ಬಾಗಿಲು ಎಳೆದಿದ್ದು ನೀನು, ಚಿಕ್ಕಪ್ಪ."

ಎದುರಿನ ಸೀಟಿನವರೊಬ್ಬರು ತಿರುಗಿ ನೋಡಿದರು.

"ಹೌದು," ಎಂದ ಚಿಕ್ಕಪ್ಪ. "ನಾನೇ. ನೀನು ಯಾವತ್ತಾದ್ರೂ ಅಂತೀಯ ಅಂತ ಕಾಯ್ತಾನೇ ಇದ್ದೆ. ಆಸ್ಪತ್ರೇಲಿ ಅಂತೀಯ ಅಂದ್ಕೊಂಡೆ. ಮನೆಗೆ ಬಂದ ಮೇಲೆ ಅಂತೀಯ ಅಂದ್ಕೊಂಡೆ. ಅನ್ನಲೇ ಇಲ್ಲ ನೀನು."

"ನಿಂಗೆ ಬೇಜಾರಾಗುತ್ತೆ ಅಂತ."

"ನಂಗೂ ಅದೇ ಕಣೆ. ನಿಂಗೆ ಬೇಜಾರಾಗುತ್ತೆ ಅಂತ ತಂತಿ ಇಳಿಸಿದೆ."

ನಮ್ಮ ಸ್ಟಾಪ್ ಬಂತು. ಚೀಲವನ್ನು ಅವನು ಎತ್ತಿಕೊಳ್ಳಲು ಬಂದ. ನಾನೇ ಹೆಗಲಿಗೆ ಹಾಕಿಕೊಂಡೆ.

ಸಂಜೆ ಅಮ್ಮನಿಗೆ ಹಳದಿ ಗಿಟಾರ್ ತೋರಿಸಿದಾಗ, "ಇದೇನೇ, ಅಷ್ಟು ದಿನ ಓದಿ ಕೊನೆಗೆ ನಿಂಬೆಹಣ್ಣು ತಂದಿದೀಯ!" ಎಂದಳು. ಮಿಷನ್ನಿನಲ್ಲಿ ಯಾರದೋ ಶಾಲೆಯ ಸಮವಸ್ತ್ರ ಅರ್ಧಕ್ಕಿತ್ತು, ಹೆಚ್ಚು ಕೇಳಲಿಲ್ಲ. ನಾನು ಟ್ಯೂನರ್ ಕಚ್ಚಿಸಿ, ಮುಖವನ್ನು ಆದಷ್ಟು ದೂರ ಇಟ್ಟುಕೊಂಡು ತಿರುಪಿಗೆ ಕೈ ಹಾಕಿದೆ. ಕೆನ್ನೆ ಜುಮ್ಮೆಂದಿತು. ತಂತಿ ಹರಿಯಲಿಲ್ಲ. ಹಸಿರು ಬಂತು. ಎದುರಿಗೆ ಚಿಕ್ಕಪ್ಪ ಬಾಸ್ ಗಿಟಾರ್‌ನ ದಪ್ಪ ತಂತಿಗಳನ್ನು ಏರಿಸುತ್ತಿದ್ದ. ಇಷ್ಟು ದಿನ ಸಡಿಲವಾಗಿದ್ದವಕ್ಕೆ ಬಿಗಿ ಹಿಡಿಸಲಿಲ್ಲವೋ ಏನೋ, ಏರಿಸಿದ ಹಾಗೆ ಮತ್ತೆ ಇಳಿಯುತ್ತಿದ್ದವು. ಮತ್ತೆ ಏರಿಸುತ್ತಿದ್ದ.

ಆ ಹಳೆಯ ಹಾಡನ್ನೇ ಶುರುಮಾಡಿದೆವು. ನನ್ನದು ನಾಲ್ಕೇ ತಂತಿ, ಅದೂ ಮಧ್ಯೆ ಮಧ್ಯೆ ಟಪಟಪ. ಒಳಗಿನಿಂದ ಅಮ್ಮ ದಿನದ ಹಾಗೆ ದನಿಗೂಡಿಸಿದಳು. ಎತ್ತರದ ಸಾಲು ಬಂತು. ಅಮ್ಮ ಎತ್ತಿದಳು. ದನಿ ಅರ್ಧ ದಾರಿಯಲ್ಲಿ ಒಡೆಯಿತು. ಕೆಮ್ಮಿದಳು. ಇನ್ನೊಮ್ಮೆ ಎತ್ತಿದಳು. ಮಿಷನ್ ನಿಂತಿತು.

"ಇವತ್ತು ಯಾಕೋ ಎಟುಕ್ತಾನೇ ಇಲ್ಲ. ಗಂಟಲು ಕಟ್ಟಿದೆಯೇನೋ," ಎಂದಳು ಅಮ್ಮ, ಸಪ್ಪಗೆ.

ಚಿಕ್ಕಪ್ಪನ ಕೈ ತನ್ನಷ್ಟಕ್ಕೇ ತಿರುಪಿನ ಕಡೆ ಹೋಯಿತು. ನಾನು ಅವನನ್ನೇ ನೋಡಿದೆ. ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತು, ಮರಳಿ ತೊಡೆಯ ಮೇಲೆ ಬಂತು.

"ಗಂಟಲಲ್ಲ ಅಮ್ಮ," ಎಂದೆ. "ಇಲ್ಲಿ ಬಾ. ಚಿಕ್ಕಪ್ಪ ಹೇಳ್ತಾನೆ."